ಕತ್ತರಿ ಬೇಡ, ಸರಿ. ಮೂರು ತಿಂಗಳ ಮೇಲೆ ನೋಡುವವರು ಯಾರು?

ಎರಡನೇ ಮಗುವಿಗೆ ಐದು ತಿಂಗಳು ತುಂಬಿದಾಗ ನನ್ನ ಚಿಕ್ಕಮ್ಮನ ಮಗಳು ಮೊಬೈಲ್ ಕೈಗಿತ್ತು, ‘ಹೊಟ್ಟೆ ಕೊಯ್ಯದೆಯೇ ಇನ್ನು ಮಕ್ಕಳಾಗದ ಹಾಗೆ ಮಾಡುತ್ತಾರಂತೆ, ನಮ್ಮ ಕಡೆ ಸಿಗುತ್ತದೆಯೇ ನೋಡು’ ಎಂದಳು. ತೆರೆಯ ಮೇಲೆ ಅಮೆರಿಕದ ಅಟ್ಲಾಂಟಾ ಬಳಿಯ ಫೆಮಾಸಿಸ್ ಎಂಬ ಕಂಪನಿಯ ಸುದ್ದಿ ಇತ್ತು. ಅದರ ‘ಫೆಮ್‌ಬ್ಲಾಕ್’ ಎಂಬ ವಿಧಾನಕ್ಕೆ 2025ರಲ್ಲಿ ಐರೋಪ್ಯ ಒಕ್ಕೂಟದ ಮಾನ್ಯತೆ ಸಿಕ್ಕಿದೆ. ನಾನು ಅವಳಿಗೆ ಆ ಸಂಜೆ ಕೊಟ್ಟ ಉತ್ತರ ಒಂದೇ ಪದದ್ದು: ಇಲ್ಲ. ಭಾರತದಲ್ಲಿ ಇವತ್ತು ಹೆಂಗಸರಿಗೆ ಶಾಶ್ವತ ಗರ್ಭನಿರೋಧ ಎಂದರೆ ಒಂದೋ ಹೊಟ್ಟೆಯಲ್ಲಿ ಸಣ್ಣದಾಗಿ ಕೊಯ್ದು ಮಾಡುವ ಮಿನಿಲ್ಯಾಪ್, ಇಲ್ಲವೇ ಹೊಟ್ಟೆಗೆ ಅನಿಲ ತುಂಬಿ, ದುರ್ಬೀನು ಇಳಿಸಿ ಮಾಡುವ ಲ್ಯಾಪ್ರೋಸ್ಕೋಪಿ. ಎರಡೂ ಆಪರೇಷನ್‌ಗಳೇ.

ಅವಳಿಗೆ ನಾನು ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ಕೊಯ್ಯದೆ ಮಾಡುವ ವಿಧಾನ ನಮ್ಮ ದೇಶದಲ್ಲಿ ಒಮ್ಮೆ ಸಿಗುತ್ತಿತ್ತು. ಅದನ್ನು ಸುಪ್ರೀಂ ಕೋರ್ಟಿನವರೆಗೆ ಎಳೆದೊಯ್ದು ನಿಲ್ಲಿಸಬೇಕಾಯಿತು.

ಮೊದಲು ಅಂಗರಚನೆಯ ಮಾತು. ಗರ್ಭಕೋಶದ ಎರಡು ಮೂಲೆಗಳಿಂದ ಹೊರಡುವ ಡಿಂಬನಾಳಗಳು, ಅಂದರೆ ಅಂಡಾಣು ಸಾಗಿಬರುವ ದಾರಿಗಳು, ತಲಾ ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದ. ಗರ್ಭಕೋಶದ ಗೋಡೆಯನ್ನು ಹಾಯುವ ಕಡೆ ಅವುಗಳ ಒಳದಾರಿ ಒಂದು ಮಿಲಿಮೀಟರ್ ಆಸುಪಾಸು, ಅಂದರೆ ಸಾಸಿವೆ ಕಾಳೂ ನುಸುಳದಷ್ಟು. ಇದನ್ನು ಮುಚ್ಚಲು ಎರಡೇ ದಾರಿ: ಹೊಟ್ಟೆಯ ಕಡೆಯಿಂದ ಒಳಹೋಗಿ ನಾಳವನ್ನು ಕಟ್ಟುವುದು, ಕತ್ತರಿಸುವುದು ಅಥವಾ ಬಳೆ ತೊಡಿಸುವುದು, ಇಲ್ಲವೇ ಗರ್ಭಕಂಠದ ಮೂಲಕ ಕೆಳಗಿನಿಂದ ಹೋಗಿ ಆ ಪುಟ್ಟ ಬಾಯಿಗಳನ್ನು ಒಳಗಿನಿಂದಲೇ ಬಂದ್ ಮಾಡುವುದು. ವಿಚಿತ್ರವೆಂದರೆ, ಎರಡನೆಯ ಆಲೋಚನೆಯೇ ಹಳೆಯದು. ಜರ್ಮನಿಯ ಫ್ರೋರೀಪ್ ಎಂಬ ವೈದ್ಯ 1849ರಲ್ಲೇ ಗರ್ಭಕೋಶದ ಮೂಲಕ ಸಿಲ್ವರ್ ನೈಟ್ರೇಟ್ ತಾಗಿಸಿ ನಾಳದ ಬಾಯಿ ಸುಡುವ ವಿಧಾನವನ್ನು ಬರೆದಿಟ್ಟಿದ್ದ. ನಾಳ ಕಟ್ಟುವ ಆಪರೇಷನ್ನಿನ ಮೊದಲ ವರದಿ ಬಂದದ್ದು ಅದಾಗಿ ಮೂವತ್ತು ವರ್ಷಗಳ ಮೇಲೆ, ಅಮೆರಿಕದ ಒಹಾಯೊದಿಂದ. ಹಳೆಯ ಆಲೋಚನೆ ಹಿಂದೆ ಬಿತ್ತು, ಹೊಸದು ಗೆದ್ದಿತು. ಕಾರಣ ಸರಳ: ಹೊಟ್ಟೆ ತೆರೆದವನಿಗೆ ತಾನು ಕಟ್ಟಿದ ನಾಳ ಕಣ್ಣಿಗೆ ಕಾಣುತ್ತದೆ. ಕೆಳಗಿನಿಂದ ಹೋದವನಿಗೆ ತನ್ನ ಕೆಲಸ ಆಯಿತೋ ಇಲ್ಲವೋ ಎಂಬುದು ಆ ಹೊತ್ತಿಗೆ ಗೊತ್ತಾಗುವುದಿಲ್ಲ. ಗಾಯವಾಗಿ, ಗಾಯ ಮಾಗಿ, ಮಾಗಿದ ಕಲೆ ದಾರಿಯನ್ನು ಮುಚ್ಚಬೇಕು. ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಈ ಒಂದು ಅಂಶವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನ ಕಥೆಯೆಲ್ಲ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಕ್ವಿನಾಕ್ರಿನ್ ಎಂಬುದು ಎರಡನೇ ಮಹಾಯುದ್ಧದ ಕಾಲದ ಮಲೇರಿಯಾ ಮಾತ್ರೆ. ಕಾಡುಗಳಲ್ಲಿ ಕಾದಾಡುತ್ತಿದ್ದ ಸೈನಿಕರು ಅದನ್ನು ನುಂಗಿ ನುಂಗಿ ಚರ್ಮ ಹಳದಿಯಾಗಿಸಿಕೊಂಡಿದ್ದರು. 1970ರ ದಶಕದಲ್ಲಿ ಚಿಲಿ ದೇಶದ ವೈದ್ಯ ಹೈಮೆ ಸಿಪ್ಪರ್ ಅದನ್ನು ಗರ್ಭಕೋಶದೊಳಕ್ಕೆ ಇಟ್ಟರೆ ನಾಳದ ಬಾಯಿ ಉರಿದು ಕಲೆಗಟ್ಟುತ್ತದೆ ಎಂದು ತೋರಿಸಿದರು. ವಿಧಾನ ಎಷ್ಟು ಸಲೀಸು ಎಂದರೆ ಕೇಳುವಾಗಲೇ ಭಯವಾಗುತ್ತದೆ. ತಲಾ 36 ಮಿಲಿಗ್ರಾಂ ತೂಗುವ ಏಳು ಪುಟ್ಟ ಗುಳಿಗೆಗಳು. ಅವನ್ನು ಕಾಪರ್-ಟಿ ತೊಡಿಸುವಂಥದೇ ಕೊಳವೆಯಲ್ಲಿ ತುಂಬಿ ಗರ್ಭಕೋಶದ ಮೇಲ್ಭಾಗಕ್ಕೆ ತಳ್ಳುವುದು. ಗುಳಿಗೆ ಅರ್ಧ ಗಂಟೆಯಲ್ಲಿ ಕರಗುತ್ತದೆ. ಒಂದು ತಿಂಗಳು ಬಿಟ್ಟು ಇನ್ನೊಮ್ಮೆ. ಅರಿವಳಿಕೆ ಇಲ್ಲ, ಶಸ್ತ್ರವೈದ್ಯರು ಬೇಕಿಲ್ಲ, ಹೊಲಿಗೆ ಇಲ್ಲ, ಹಾಸಿಗೆಯೂ ಬೇಡ.

ವಿಯೆಟ್ನಾಂನಲ್ಲಿ 1989ರಿಂದ 31,781 ಹೆಂಗಸರಿಗೆ ಇದನ್ನು ಮಾಡಿದ ವರದಿ 1993ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಅಲ್ಲಿನ ರಬ್ಬರ್ ತೋಟವೊಂದರ ನೂರಕ್ಕೂ ಹೆಚ್ಚು ಕಾರ್ಮಿಕ ಹೆಂಗಸರ ದೂರು ಹೊರಬಿತ್ತು: ಕಾಪರ್-ಟಿ ತಪಾಸಣೆಗೆಂದು ಕರೆದು, ಹೇಳದೆ ಕೇಳದೆ ಗುಳಿಗೆ ಇಟ್ಟಿದ್ದಾರೆ. ವರ್ಷದ ಕೊನೆಗೆ ಸರ್ಕಾರ ಕಾರ್ಯಕ್ರಮವನ್ನೇ ನಿಲ್ಲಿಸಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ, ಈ ರಾಸಾಯನಿಕ ಜೀವಕೋಶಗಳ ತಳಿಗುಣವನ್ನೇ ಕೆಡಿಸಬಹುದು ಎಂಬ ಪ್ರಯೋಗಾಲಯದ ಸುಳಿವುಗಳಿವೆ, ವಿಷಪರೀಕ್ಷೆ ಮುಗಿಯುವವರೆಗೆ ಮನುಷ್ಯರ ಮೇಲೆ ಬಳಸಬಾರದು ಎಂದಿತು.

ಭಾರತದಲ್ಲಿ ಆ ಮಾತು ಯಾರಿಗೆ ಕೇಳಿಸಬೇಕಿತ್ತೋ ಅವರಿಗೆ ಕೇಳಿಸಲಿಲ್ಲ. ಖಾಸಗಿ ವೈದ್ಯರು ಸಾವಿರಾರು ಹೆಂಗಸರಿಗೆ ಗುಳಿಗೆ ಇಟ್ಟರು. ಗುಳಿಗೆಗಳನ್ನು ಜಗತ್ತಿಗೆಲ್ಲ ಹಂಚುತ್ತಿದ್ದವರು ಅಮೆರಿಕದ ಇಬ್ಬರು, ಎಲ್ಟನ್ ಕೆಸ್ಸೆಲ್ ಮತ್ತು ಸ್ಟೀಫನ್ ಮಮ್‌ಫರ್ಡ್. ಬಡದೇಶಗಳ ಜನಸಂಖ್ಯೆ ಬೆಳೆಯುವುದು ಅಮೆರಿಕದ ಭದ್ರತೆಗೇ ಅಪಾಯ ಎಂದು ಮಮ್‌ಫರ್ಡ್ ಬಹಿರಂಗವಾಗಿ ಬರೆದವರು. ಔಷಧ ಕೊಡುವವನ ಮನಸ್ಸಿನಲ್ಲಿ ರೋಗಿ ಯಾವ ರೂಪದಲ್ಲಿದ್ದಾಳೆ ಎಂಬುದು ಅಷ್ಟೇನೂ ಅಮುಖ್ಯ ಸಂಗತಿಯಲ್ಲ. ಕೊನೆಗೆ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಮತ್ತು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಸಾಮಾಜಿಕ ವೈದ್ಯಕೀಯ ವಿಭಾಗದ ಅಧ್ಯಾಪಕರು ಸುಪ್ರೀಂ ಕೋರ್ಟಿಗೆ ಹೋದರು. ದೆಹಲಿಯ ಸಹೇಲಿಯಂಥ ಮಹಿಳಾ ಗುಂಪುಗಳು ಬೀದಿಗಿಳಿದವು. 1998ರಲ್ಲಿ ಸಂತಾನಹರಣಕ್ಕೆ ಕ್ವಿನಾಕ್ರಿನ್ ಬಳಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಅಷ್ಟು ಹೊತ್ತಿಗೆ ಇಪ್ಪತ್ತರಷ್ಟು ದೇಶಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರ ಒಡಲಲ್ಲಿ ಈ ಗುಳಿಗೆ ಕರಗಿತ್ತು. ಮುಂದೆ ಇಲಿಗಳ ಮೇಲೆ ಎರಡು ವರ್ಷ ನಡೆಸಿದ ಪರೀಕ್ಷೆಯಲ್ಲಿ ಜನನಾಂಗದ ಗೆಡ್ಡೆಗಳು ಹೆಚ್ಚಿದ್ದು ಕಂಡಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತೊಮ್ಮೆ, ಇನ್ನೂ ಖಡಾಖಂಡಿತವಾಗಿ, ಬೇಡ ಎಂದಿತು.

ಕ್ಯಾನ್ಸರ್ ಶಂಕೆಯನ್ನು ಒಂದು ಕ್ಷಣ ಪಕ್ಕಕ್ಕಿಟ್ಟು ನೋಡಿ. ಗುಳಿಗೆ ನಿರಪಾಯಕಾರಿ ಎಂದೇ ಇಟ್ಟುಕೊಳ್ಳೋಣ. ಆಗಲೂ ರಬ್ಬರ್ ತೋಟದ ಕಥೆ ಹಾಗೆಯೇ ಉಳಿಯುತ್ತದೆ. ಆಪರೇಷನ್ನಿಗೆ ಅದರದೇ ಕ್ರೌರ್ಯವಿದೆ, ನಿಜ. ಆದರೆ ಆಪರೇಷನ್ ಒಂದು ಕಣ್ಣಿಗೆ ಕಾಣುವ ಘಟನೆ. ಹಿಂದಿನ ರಾತ್ರಿ ಉಪವಾಸ, ಸಹಿ, ಚುಚ್ಚುಮದ್ದು, ಹೊಟ್ಟೆಯ ಮೇಲೊಂದು ಗುರುತು. ತನಗೆ ಏನಾಯಿತು ಎಂಬುದು ಹೆಂಗಸಿಗೆ ಗೊತ್ತಿರುತ್ತದೆ. ಎರಡು ನಿಮಿಷದ ‘ತಪಾಸಣೆ’ಯಲ್ಲಿ ಮುಗಿಯುವ ಕೆಲಸಕ್ಕೆ ಸಾಕ್ಷಿಯೂ ಇಲ್ಲ, ಗುರುತೂ ಇಲ್ಲ. ಕತ್ತಿ ಹೋದಾಗ ಅದರ ಜೊತೆಗೆ ‘ಬೇಡ’ ಎನ್ನಲು ಇದ್ದ ಹೊತ್ತೂ ಹೊರಟುಹೋಗಬಹುದು.

ಇದು ಬಡದೇಶದ ಕಥೆ, ನಿಯಂತ್ರಣ ಗಟ್ಟಿಯಿದ್ದ ಕಡೆ ಹೀಗಾಗುವುದಿಲ್ಲ ಎಂದು ಯಾರಾದರೂ ಹೇಳಬಹುದು. ಅವರಿಗೆ ಎಶ್ಯೂರ್ ಕಥೆ ಹೇಳಬೇಕು.

ಎಶ್ಯೂರ್ ಎಂದರೆ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದದ ಒಂದು ಸ್ಪ್ರಿಂಗ್. ಹೊರಸುರುಳಿ ನಿಕಲ್-ಟೈಟಾನಿಯಂ, ಒಳಸುರುಳಿ ಸ್ಟೇನ್‌ಲೆಸ್ ಸ್ಟೀಲ್, ನಡುವೆ ಪಾಲಿಯೆಸ್ಟರ್ ನೂಲು. ಗರ್ಭಕೋಶದರ್ಶಕದ, ಅಂದರೆ ಗರ್ಭಕಂಠದ ಮೂಲಕ ತೂರಿಸುವ ತೆಳು ದುರ್ಬೀನಿನ, ಸಹಾಯದಿಂದ ಎರಡೂ ನಾಳಗಳ ಬಾಯಿಯಲ್ಲಿ ಒಂದೊಂದನ್ನು ಕೂರಿಸುತ್ತಾರೆ. ನೂಲು ಮೈಗೆ ತಾಗಿ ಕೆರಳಿ, ಸುತ್ತಲೂ ಊತಕ ಬೆಳೆದು ದಾರಿ ಮುಚ್ಚುತ್ತದೆ. ಇದಕ್ಕೆ ಮೂರು ತಿಂಗಳು. ಅಲ್ಲಿಯವರೆಗೆ ಬೇರೆ ಗರ್ಭನಿರೋಧಕ ಬಳಸಬೇಕು. ಆಮೇಲೆ ಬಂದು, ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್-ರೇಯಲ್ಲಿ ನಾಳ ಮುಚ್ಚಿದೆ ಎಂದು ಖಾತ್ರಿಪಡಿಸಿಕೊಳ್ಳಬೇಕು. ಅಮೆರಿಕದ ಔಷಧ ನಿಯಂತ್ರಕರು 2002ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟರು. ತಯಾರಿಸಿದ ಕಾನ್ಸೆಪ್ಟಸ್ ಕಂಪನಿಯನ್ನು 2013ರಲ್ಲಿ ಜರ್ಮನಿಯ ಬೇಯರ್ ಕೊಂಡುಕೊಂಡಿತು. ಜಗತ್ತಿನಾದ್ಯಂತ ಏಳೂವರೆ ಲಕ್ಷದಷ್ಟು ಸಾಧನಗಳು ಮಾರಾಟವಾದವು.

ಮದುವೆ ಮನೆಯ ಊಟದ ಹಾಗೆ, ಮೊದಲ ಪಂಕ್ತಿಯಲ್ಲಿ ಎಲ್ಲವೂ ಚೆನ್ನಾಗಿತ್ತು. ನಂತರ ದೂರುಗಳು ಬರತೊಡಗಿದವು: ನಿಲ್ಲದ ಹೊಟ್ಟೆನೋವು, ರಕ್ತಸ್ರಾವ, ನಿಕಲ್ ಅಲರ್ಜಿ, ನಾಳವನ್ನೋ ಗರ್ಭಕೋಶವನ್ನೋ ಚುಚ್ಚಿಕೊಂಡು ಜಾಗ ಬಿಟ್ಟು ಹೋದ ಸ್ಪ್ರಿಂಗ್, ಆಗಬಾರದ ಗರ್ಭ. ಹೆಂಗಸರು ಫೇಸ್‌ಬುಕ್ಕಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಗುಂಪು ಕಟ್ಟಿದರು. ಅದು ಸಾವಿರಗಳಲ್ಲಿ ಬೆಳೆಯಿತು. ನ್ಯೂಯಾರ್ಕ್ ರಾಜ್ಯದ ಐವತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ದಾಖಲೆಗಳನ್ನು ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಮತ್ತೆ ಆಪರೇಷನ್ ಟೇಬಲ್ ಹತ್ತಬೇಕಾದವರು ಲ್ಯಾಪ್ರೋಸ್ಕೋಪಿ ಮಾಡಿಸಿಕೊಂಡವರಲ್ಲಿ ಶೇ 0.2, ಎಶ್ಯೂರ್ ಹಾಕಿಸಿಕೊಂಡವರಲ್ಲಿ ಶೇ 2.4. ಆಪರೇಷನ್ ತಪ್ಪಿಸಲೆಂದು ಬಂದ ಸಾಧನ ಹತ್ತು ಪಟ್ಟಿಗೂ ಹೆಚ್ಚು ಆಪರೇಷನ್ ತಂದಿತ್ತು. ಸ್ಪ್ರಿಂಗ್ ತೆಗೆಯಲು ಕೆಲವರು ನಾಳಗಳನ್ನು, ಕೆಲವರು ಗರ್ಭಕೋಶವನ್ನೇ ಕಳೆದುಕೊಂಡರು.

2016ರಲ್ಲಿ ಪೊಟ್ಟಣದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು. ಮರುವರ್ಷ ಕಂಪನಿ ಅಮೆರಿಕದ ಹೊರಗೆ ಮಾರಾಟ ಕೈಬಿಟ್ಟಿತು, 2018ರ ಕೊನೆಗೆ ಅಮೆರಿಕದಲ್ಲೂ. 2020ರ ಆಗಸ್ಟ್‌ನಲ್ಲಿ ಸುಮಾರು 39,000 ಹೆಂಗಸರ ದಾವೆಗಳನ್ನು ಬಗೆಹರಿಸಲು ಬೇಯರ್ 160 ಕೋಟಿ ಡಾಲರ್ ಕೊಡಲು ಒಪ್ಪಿತು, ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ. ರೇಡಿಯೊ ತರಂಗದಿಂದ ನಾಳದ ಒಳಮೈ ಸುಟ್ಟು ಸಿಲಿಕೋನ್ ಬಿರಡೆ ಇಡುತ್ತಿದ್ದ ಆಡಿಯಾನಾ ಎಂಬ ಇನ್ನೊಂದು ಸಾಧನವಂತೂ 2009ರಲ್ಲಿ ಬಂದು 2012ಕ್ಕೆ ಹೋಗಿತ್ತು.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಎಶ್ಯೂರ್‌ನಿಂದ ಯಾವ ತೊಂದರೆಯೂ ಆಗದವರು ಬಹಳ ಮಂದಿ. ಬೊಜ್ಜು, ಹೃದ್ರೋಗ, ಹಿಂದಿನ ಹೊಟ್ಟೆಯ ಆಪರೇಷನ್ನುಗಳ ಕಾರಣ ಅರಿವಳಿಕೆ ಅಪಾಯವಾಗಿದ್ದ ಕೆಲವರಿಗೆ ಅದು ವರವೇ ಆಗಿತ್ತು. ನನಗೆ ಕಾಡುವುದು ಬೇರೆ ಸಂಗತಿ. ಮೂರು ತಿಂಗಳ ಮೇಲೆ ಖಾತ್ರಿ ಪರೀಕ್ಷೆಗೆ ಮರಳಿ ಬಂದವರ ಪ್ರಮಾಣ ಅಮೆರಿಕದಲ್ಲೂ ಕಡಿಮೆ ಇತ್ತು, ಬಡವರು ಹೋಗುವ ಕ್ಲಿನಿಕ್ಕುಗಳಲ್ಲಿ ತೀರ ಕಡಿಮೆ ಎಂದು ಅಲ್ಲಿನ ವೈದ್ಯರೇ ಬರೆದಿದ್ದಾರೆ. ಕಾರು, ಫೋನು, ಅಪಾಯಿಂಟ್‌ಮೆಂಟ್ ಎಲ್ಲ ಇರುವ ದೇಶದ ಗತಿ ಇದು. ಬೆಳಗಿನ ಏಳರ ಬಸ್ಸು ತಪ್ಪಿದರೆ ತಾಲ್ಲೂಕು ಆಸ್ಪತ್ರೆಯೇ ತಪ್ಪಿಹೋಗುವ, ದಿನಗೂಲಿ ಬಿಟ್ಟು ಬರಬೇಕಾದ ನಮ್ಮ ಹೆಂಗಸು ‘ಎಲ್ಲ ಸರಿಯಾಗಿಯೇ ಇದೆ’ ಎನಿಸುತ್ತಿರುವಾಗ ಮೂರು ತಿಂಗಳ ಮೇಲೆ ಮರಳಿ ಬರುತ್ತಾಳೆಯೇ?

ಇನ್ನು ನಮ್ಮ ಆಪರೇಷನ್ನುಗಳ ಕಡೆ ತಿರುಗೋಣ, ಏಕೆಂದರೆ ಕೊಯ್ಯದ ವಿಧಾನದ ಆಸೆ ಹುಟ್ಟುವುದೇ ಅವುಗಳ ಭಯದಿಂದ. ಆ ಭಯ ಸುಳ್ಳಲ್ಲ. 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ ಎರಡು ಗಂಟೆಯಲ್ಲಿ 53 ಹೆಂಗಸರಿಗೆ ಆಪರೇಷನ್ ಮಾಡಿದರು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಒಂದೇ ಶಿಬಿರದಲ್ಲಿ 83 ಮಂದಿಗೆ ಆಪರೇಷನ್ ಆಯಿತು. ಅಲ್ಲಿ ಮತ್ತು ಆ ವಾರದ ಅಕ್ಕಪಕ್ಕದ ಶಿಬಿರಗಳಲ್ಲಿ ಹನ್ನೆರಡಕ್ಕೂ ಹೆಚ್ಚು ಹೆಂಗಸರು ಸತ್ತರು. ಅದೇ ತಿಂಗಳು ಒಡಿಶಾದ ಶಿಬಿರವೊಂದರಲ್ಲಿ ಹೊಟ್ಟೆ ಉಬ್ಬಿಸಲು ಸೈಕಲ್ ಪಂಪು ಬಳಸಿದ್ದು ಬಯಲಾಯಿತು. ಸೈಕಲ್ ಪಂಪು! 2022ರ ಆಗಸ್ಟ್‌ನಲ್ಲಿ ಹೈದರಾಬಾದ್ ಪಕ್ಕದ ಇಬ್ರಾಹಿಂಪಟ್ಟಣದಲ್ಲಿ 34 ಮಂದಿಯಲ್ಲಿ ನಾಲ್ವರು ತೀರಿಕೊಂಡರು. ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್, ಅರರಿಯಾದ ಘಟನೆ ಹಿಡಿದು ದೇವಿಕಾ ಬಿಸ್ವಾಸ್ ಎಂಬವರು ಹೂಡಿದ ಪ್ರಕರಣದಲ್ಲಿ, 2016ರಲ್ಲೇ ಹೇಳಿತ್ತು.

ಆದರೆ ಈ ಯಾವ ಸಾವಿನಲ್ಲೂ ತಪ್ಪು ಇಪ್ಪತ್ತು ನಿಮಿಷದ ಆ ಆಪರೇಷನ್ನಿನದಲ್ಲ. ತೊಳೆಯದ ಉಪಕರಣ, ತಲುಪಲೇಬೇಕಾದ ಗುರಿ, ಗಂಟೆಗೆ ಇಪ್ಪತ್ತು ಮೂವತ್ತು ಎಂಬ ಲೆಕ್ಕ: ಇಂಥವೇ ಕೊಂದದ್ದು. ಶುಚಿಯಾದ ಕೋಣೆಯಲ್ಲಿ, ಅವಸರವಿಲ್ಲದ ಕೈಯಲ್ಲಿ ಮಿನಿಲ್ಯಾಪ್ ಮತ್ತು ಲ್ಯಾಪ್ರೋಸ್ಕೋಪಿ ಎರಡೂ ಸುರಕ್ಷಿತ. ಹತ್ತು ವರ್ಷಗಳಲ್ಲಿ ಸಾವಿರಕ್ಕೆ ಹದಿನೆಂಟರಷ್ಟು ವಿಫಲವಾಗುತ್ತವೆ ಎಂಬುದು ಅಮೆರಿಕದ ದೊಡ್ಡ ಅಧ್ಯಯನವೊಂದರ ಲೆಕ್ಕ. ಶಿಬಿರದ ಪಾಪವನ್ನು ಕತ್ತಿಯ ತಲೆಗೆ ಕಟ್ಟಿ, ಕತ್ತಿಯಿಲ್ಲದ ಯಂತ್ರವನ್ನು ಅದೇ ಶಿಬಿರದವರ ಕೈಗೆ ಕೊಟ್ಟರೆ ಗಂಟೆಗೆ ಮೂವತ್ತರ ಬದಲು ಅರವತ್ತು ಆಗುತ್ತದೆ, ಅಷ್ಟೇ.

ಕರ್ನಾಟಕದ ಅಂಕಿಗಳನ್ನು ನೋಡುವಾಗ ನನಗೆ ಯಾವಾಗಲೂ ಒಂದು ಬಗೆಯ ಮುಜುಗರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ಆಪರೇಷನ್ ಆಗಿದೆ. ದೇಶದ ಸರಾಸರಿ ಶೇ 38ರ ಆಸುಪಾಸು. ಹಾಗಾದರೆ ಗಂಡಸರು? ದೇಶದಲ್ಲಿ ಶೇ 0.3. ಕರ್ನಾಟಕದಲ್ಲಿ ಅದೂ ಇಲ್ಲ, ದಶಮಾಂಶದ ಒಂದನೇ ಸ್ಥಾನಕ್ಕೂ ಹತ್ತದಷ್ಟು. ಕೊಯ್ಯದೆ, ಹೊಲಿಗೆಯಿಲ್ಲದೆ, ಅರ್ಧ ಗಂಟೆಯೊಳಗೆ ಮುಗಿಯುವ ಶಾಶ್ವತ ವಿಧಾನ ಈಗಾಗಲೇ ಇದೆ, ಅದು ಗಂಡಸರದು. ವೀರ್ಯನಾಳ ಚರ್ಮದ ಅಡಿಯಲ್ಲೇ ಇರುವುದರಿಂದ ಸಣ್ಣ ತೂತು ಸಾಕು. ಚೀನಾದ ಲೀ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದ ವಿಧಾನ ಇದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಗಳಲ್ಲಿ ಎನ್‌ಎಸ್‌ವಿ (ನೋ-ಸ್ಕಾಲ್ಪೆಲ್ ವ್ಯಾಸೆಕ್ಟಮಿ, ಅಂದರೆ ಕತ್ತಿಯಿಲ್ಲದೆ ವೀರ್ಯನಾಳ ಮುಚ್ಚುವುದು) ಎಂಬ ಹೆಸರಲ್ಲಿ ಅದರ ಭಿತ್ತಿಪತ್ರ ಬಿಸಿಲಿಗೆ ಬಣ್ಣ ಕಳೆದುಕೊಂಡು ನೇತಾಡುತ್ತಿರುತ್ತದೆ. ತುರ್ತು ಪರಿಸ್ಥಿತಿಯ 1976-77ರಲ್ಲಿ ನಡೆದ 82 ಲಕ್ಷ ಸಂತಾನಹರಣ ಆಪರೇಷನ್ನುಗಳಲ್ಲಿ 62 ಲಕ್ಷ ಗಂಡಸರವು. ಬಲವಂತದ ಆ ನೆನಪಿಗೆ ಹೆದರಿದ ಸರ್ಕಾರಗಳು ಮುಂದೆ ಗಂಡಸರ ತಂಟೆಗೇ ಹೋಗದೆ, ಓಟಿನ ಭಯವಿಲ್ಲದ ಕಡೆಗೆ, ಅಂದರೆ ಹೆಂಗಸರ ಕಡೆಗೆ ತಿರುಗಿದವು. ಇವತ್ತು ‘ಹೆಂಗಸರಿಗೂ ಸುಲಭವಾದದ್ದು ಬೇಕು’ ಎಂಬ ಮಾತು ಕೇಳಿದಾಗ, ಸುಲಭವಾದದ್ದನ್ನು ಮನೆಯ ಇನ್ನೊಬ್ಬರು ಮಾಡಿಸಿಕೊಳ್ಳಬಾರದೇ ಎಂದು ಕೇಳದೆ ಮುಂದೆ ಹೋಗುವುದು ಹೇಗೆ?

ಗಂಡನ ವಿಷಯ ಬಂದಾಗ ಒಂದು ಮಾತು. ಆಪರೇಷನ್ನಿಗೆ ಗಂಡನ ಸಹಿ ಬೇಕಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹಾಗೆ ಹೇಳುತ್ತದೆ. ಆದರೂ ಮೊಬೈಲ್ ತೋರಿಸಿದ ಆ ತಂಗಿಗೆ ಮುಂದೆ ಆಸ್ಪತ್ರೆಯ ಕೌಂಟರಿನಲ್ಲಿ ಮೊದಲು ಎದುರಾದ ಪ್ರಶ್ನೆ ‘ಮನೆಯವರು ಬಂದಿದ್ದಾರೆಯೇ?’ ಎಂಬುದು.

ಹಾಗಾದರೆ ಫೆಮ್‌ಬ್ಲಾಕ್? ಅದರಲ್ಲಿ ಲೋಹವಿಲ್ಲ. ಕ್ಯಾತಿಟರ್ ಎಂಬ ತೆಳು ಕೊಳವೆಯ ಮೂಲಕ ಎರಡೂ ನಾಳಗಳಿಗೆ ಒಂದು ದ್ರವ ಬಿಡುತ್ತಾರೆ. ಸೂಪರ್ ಗ್ಲೂ ಇದೆಯಲ್ಲ, ಅದರ ಕುಲದ ಸಯನೋಅಕ್ರಿಲೇಟ್. ಅದು ನಾಳದಲ್ಲಿ ಗಟ್ಟಿಯಾಗಿ, ಕ್ರಮೇಣ ಕರಗಿಹೋಗಿ, ಹಿಂದೆ ಕಲೆಯನ್ನಷ್ಟೇ ಉಳಿಸುತ್ತದೆ. ಒಳಗೆ ಪರವಸ್ತು ಉಳಿಯುವುದಿಲ್ಲ ಎಂಬುದು ಎಶ್ಯೂರ್‌ಗಿಂತ ನಿಜವಾದ ಮುನ್ನಡೆ, ಅದನ್ನು ಒಪ್ಪಬೇಕು. ಅಮೆರಿಕದಲ್ಲಿ ಅಂತಿಮ ಹಂತದ ಪ್ರಯೋಗ ನಡೆದಿದೆ. ಗರ್ಭಪಾತದ ಹಕ್ಕನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ಕಿತ್ತುಕೊಂಡ ಮೇಲೆ ಶಾಶ್ವತ ಗರ್ಭನಿರೋಧ ಕೇಳಿಕೊಂಡು ಬರುವ ಯುವತಿಯರು ಹೆಚ್ಚಿದ್ದಾರೆ, ಹಾಗಾಗಿ ಮಾರುಕಟ್ಟೆಗೂ ಆತುರವಿದೆ. ಇತ್ತ ಒರೆಗಾನ್‌ನ ಸಂಶೋಧಕರು, ಉಬ್ಬಿದ ರಕ್ತನಾಳಗಳ ಚಿಕಿತ್ಸೆಗೆ ಬಳಸುವ ಪಾಲಿಡೋಕನಾಲ್ ಎಂಬ ನೊರೆಯನ್ನು ಕೋತಿಗಳ ಮೇಲೆ ಪರೀಕ್ಷಿಸಿದ್ದಾರೆ.

ಫೆಮ್‌ಬ್ಲಾಕ್‌ನ ಸೂಚನೆಯಲ್ಲೂ ಆ ಹಳೆಯ ಸಾಲು ಇದೆ: ಮೂರು ತಿಂಗಳ ಮೇಲೆ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ನಾಳ ಮುಚ್ಚಿದ್ದು ಖಾತ್ರಿಯಾಗಬೇಕು, ಅಲ್ಲಿಯವರೆಗೆ ಬೇರೆ ಗರ್ಭನಿರೋಧಕ. ಫ್ರೋರೀಪನ ಕಾಲದ ತೊಡಕು ಇನ್ನೂ ಬಿಟ್ಟಿಲ್ಲ. ಐದು ವರ್ಷ, ಹತ್ತು ವರ್ಷದ ಮೇಲೆ ಎಷ್ಟು ಗರ್ಭಗಳು ನಿಂತವು ಎಂಬ ಲೆಕ್ಕ ಸಾವಿರಾರು ಹೆಂಗಸರಿಂದ ಬರಬೇಕು. ಅದು ಬರುವವರೆಗೆ ಭಾರತಕ್ಕೆ ತರುವ ಅವಸರ ಯಾರಿಗಾದರೂ ಇದ್ದರೆ ಅವರ ಲಾಭದ ಲೆಕ್ಕವನ್ನು ಮೊದಲು ಕೇಳಬೇಕು.

ತಂಗಿಗೆ ನಾನು ಆಮೇಲೆ ಹೇಳಿದ್ದು ಇಷ್ಟು. ಕೊಯ್ಯುವುದು ಬೇಡ ಎನ್ನುವುದೇ ಮುಖ್ಯವಾದರೆ ‘ಶಾಶ್ವತ’ ಎಂಬ ಪದವನ್ನು ಸ್ವಲ್ಪ ಸಡಿಲಿಸು. ಕಾಪರ್-ಟಿ 380ಎ ಹತ್ತು ವರ್ಷ ನಡೆಯುತ್ತದೆ, ಬೇಡವೆನಿಸಿದ ದಿನ ತೆಗೆಸಬಹುದು. ಹಾರ್ಮೋನು ಇರುವ ಸಾಧನಗಳೂ ಇವೆ. ತೋಳಿನ ಚರ್ಮದಡಿ ಇಡುವ, ಮೂರು ವರ್ಷ ಬಾಳುವ ಕಡ್ಡಿಯನ್ನು ಈಚೆಗೆ ಸರ್ಕಾರವೇ ರಾಜ್ಯದ ಕೆಲವು ಕಡೆ ಕೊಡತೊಡಗಿದೆ. ಅವಳಿಗೆ ಇಪ್ಪತ್ತಾರು. ಕಾಪರ್-ಟಿ ಎಂದ ಕೂಡಲೇ ಚಿಕ್ಕಮ್ಮ, ‘ವಂಕಿ ಹಾಕಿಸಿಕೊಂಡ ಆಚೆಮನೆಯವಳಿಗೆ ಏನಾಯಿತು ಗೊತ್ತೇ’ ಎಂದು ಶುರು ಮಾಡಿದರು. ಆಚೆಮನೆಯವಳಿಗೆ ನಿಜಕ್ಕೂ ಏನಾಗಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆದರೆ ಅವಳನ್ನು ಆಮೇಲೆ ಯಾವ ನರ್ಸೂ ಬಂದು ವಿಚಾರಿಸಿರಲಿಲ್ಲ ಎಂಬುದಂತೂ ಎಲ್ಲರಿಗೂ ಗೊತ್ತಿತ್ತು.

ಕೊನೆಗೆ ತಂಗಿ ಲ್ಯಾಪ್ರೋಸ್ಕೋಪಿಯನ್ನೇ ಮಾಡಿಸಿಕೊಂಡಳು. ವಾರ್ಡಿನಲ್ಲಿ ಮಂಚ ಸಾಲದೆ ಇಬ್ಬರು ಚಾಪೆಯ ಮೇಲಿದ್ದರು, ಅವಳಿಗೆ ಮಂಚ ಸಿಕ್ಕಿತ್ತು. ಹೊಕ್ಕುಳ ಪಕ್ಕದ ಪಟ್ಟಿಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಸಂಜೆ ಆಟೋ ಹತ್ತಿದಳು. ನಿಯಮದ ಪ್ರಕಾರ ಒಂದು ತಿಂಗಳಾದ ಮೇಲೆ ಅಥವಾ ಮೊದಲ ಮುಟ್ಟಾದ ಮೇಲೆ, ಯಾವುದು ಮೊದಲೋ ಆಗ, ಪರೀಕ್ಷಿಸಿ ಸಂತಾನಹರಣ ಪ್ರಮಾಣಪತ್ರ ಕೊಡಬೇಕು. ಆಪರೇಷನ್ ವಿಫಲವಾಗಿ ಗರ್ಭ ನಿಂತರೆ ಸರ್ಕಾರ ಕೊಡುವ 60,000 ರೂಪಾಯಿ ಪರಿಹಾರಕ್ಕೂ ಅದೇ ಆಧಾರ, ಗೊತ್ತಾದ 90 ದಿನದೊಳಗೆ ಅರ್ಜಿ ಹಾಕಬೇಕು. ಹರಿಯಾಣದ ಗುರುಗಾಂವ್‌ನಲ್ಲಿ ಏಳು ಮಕ್ಕಳ ತಾಯಿಯೊಬ್ಬರಿಗೆ 1988ರಲ್ಲಿ ಬಲನಾಳವನ್ನಷ್ಟೇ ಮುಚ್ಚಿ ಎಡನಾಳವನ್ನು ಬಿಟ್ಟಿದ್ದರು. ಎಂಟನೆಯದು ಹುಟ್ಟಿತು. ಆಕೆ ಸುಪ್ರೀಂ ಕೋರ್ಟಿನವರೆಗೆ ಗೆಲ್ಲಲು 2000ನೇ ಇಸವಿ ಬರಬೇಕಾಯಿತು. ಇದನ್ನೆಲ್ಲ ಹೇಳಿ, ತಿಂಗಳಾದ ಮೇಲೆ ಹೋಗಿ ಪತ್ರ ತೆಗೆದುಕೊಂಡು ಬಾ ಎಂದಿದ್ದೆ.

ಹೋಗಿದ್ದಳಂತೆ. ಪ್ರಮಾಣಪತ್ರದ ಪುಸ್ತಕ ಬಂದಿಲ್ಲ, ಮುಂದಿನ ವಾರ ಬನ್ನಿ ಎಂದರಂತೆ. ಮುಂದಿನ ವಾರ ಮಗುವಿಗೆ ಜ್ವರ. ಅದರ ಮುಂದಿನ ವಾರ ಕಡಲೆ ಕೀಳುವ ಕೆಲಸ. ಈಗ ಏಳು ತಿಂಗಳಾಗಿದೆ.